ನಾನು ಬರೆದ ಹಕ್ಕಿ

ಪಂಚೆಯ ಅಂಚಿಗೆ ಉತ್ತರಣೆ ಬೀಜ ಅಂಟಿಸಿಕೊಂಡು ನಾನು ಮನೆಗೆ ಬಂದರೆ ನನ್ನ ಹೆಂಡತಿ ಪದ್ಮ ಬೈಯುವುದಿಲ್ಲ, ನಗುತ್ತಾಳೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಾಗಿಲ ಹೊರಗೇ ನನ್ನನ್ನು ನಿಲ್ಲಿಸಿ, ಬೀಜಗಳನ್ನು ಒಂದೊಂದಾಗಿ ಬಿಡಿಸಿ, ನನ್ನ ಅಂಗೈಗೆ ಹಾಕಿ, "ತಗೊಳ್ಳಿ, ನಿಮ್ಮ ನೆಂಟರು" ಎನ್ನುತ್ತಾಳೆ. ಉತ್ತರಣೆ ಬೀಜ ನಿಮಗೆ ಗೊತ್ತಿರಬೇಕು. ಅಕ್ಕಿಕಾಳಿನಷ್ಟು ಗಾತ್ರ, ಸೂಜಿಯ ಮೂತಿ. ಬಟ್ಟೆ ಕಂಡರೆ ಸಾಕು, ಮದುವೆಮನೆಯಲ್ಲಿ ಕೈಹಿಡಿದು ನಿಲ್ಲಿಸಿಕೊಳ್ಳುವ ದೂರದ ಚಿಕ್ಕಪ್ಪನ ಹಾಗೆ ಹಿಡಿದರೆ ಬಿಡುವುದಿಲ್ಲ. ಬೇರೆಯವರು ಅದನ್ನು ಕಿತ್ತು ಕಸಕ್ಕೆ ಎಸೆಯುತ್ತಾರೆ. ನಾನು ಎಸೆಯಲಾರೆ. ಅಂಗೈ ಮುಚ್ಚಿಕೊಂಡು ಪಕ್ಕದ ಮನೆಯ ಗೋಡೆಯ ಹತ್ತಿರ ಹೋಗಿ, ಆಚೆ ಕಡೆಗೆ ಉದುರಿಸಿ ಬರುತ್ತೇನೆ. ದಾರಿಹೋಕರು ನೋಡಿದರೆ ಪಕ್ಕದ ಮನೆಗೆ ಏನೋ ಮಂತ್ರಿಸಿ ಹಾಕುತ್ತಿದ್ದಾನೆ ಮುದುಕ ಎಂದುಕೊಂಡಾರು. ಆ ಆಪಾದನೆ ನನ್ನ ಮೇಲೆ ಒಮ್ಮೆ ಬಂದಿದ್ದೂ ಉಂಟು. ಅದನ್ನೂ ಹೇಳುತ್ತೇನೆ. ಈ ವಯಸ್ಸಿನಲ್ಲಿ ಮುಚ್ಚಿಟ್ಟುಕೊಂಡು ಯಾರಿಗೆ ಕೊಟ್ಟು ಹೋಗಲಿ?

ಮೊದಲು ನನ್ನ ಕಾಯಿಲೆಯ ವಿಷಯ. ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷವೇ ಬಳೇಪೇಟೆಯ ಒಂದು ಸಗಟು ಬಳೆ ಅಂಗಡಿಗೆ ಸೇರಿದವನು, ಮೂವತ್ತೈದು ವರ್ಷ ಅಲ್ಲೇ ನಿಂತೆ. ಗಾಜಿನ ಬಳೆಯ ಕೆಲಸ ಎಂದರೆ ಜೋಡಿಸುವ ಕೆಲಸ. ಬಣ್ಣಕ್ಕೆ ಬಣ್ಣ, ಅಳತೆಗೆ ಅಳತೆ, ಸಾಲಿಗೆ ಸಾಲು. ಒಂದು ಬಳೆ ವಾರೆ ಕೂತರೆ ಡಜನ್ನೇ ಒಡೆಯುತ್ತದೆ. ಹಾಗಾಗಿ ವಾರೆಯಾಗಿದ್ದುದನ್ನು ಕಂಡರೆ ನನ್ನ ಕೈ ತಾನಾಗಿ ಮುಂದೆ ಹೋಗುತ್ತದೆ. ಮದುವೆಯಾದ ಹೊಸದರಲ್ಲಿ, ಪದ್ಮ ತವರಿಗೆ ಹೋಗಿದ್ದಾಗ, ಅಡಿಗೆಮನೆಯ ಡಬ್ಬಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಟ್ಟಿದ್ದೆ. ನೋಡಲು ಸೇನೆ ನಿಂತ ಹಾಗಿತ್ತು. ಅವಳು ಬಂದ ದಿನ ಸಂಜೆ ಮಬ್ಬಿನಲ್ಲಿ ಕೈಯಳತೆಯ ಮೇಲೆ ಉಪ್ಪೆಂದು ರಂಗೋಲಿ ಪುಡಿ ಹಾಕಿ ಸಾರು ಮಾಡಿದಳು. ನಾನು ಎರಡು ಸಲ ಹಾಕಿಸಿಕೊಂಡು ಉಂಡೆ. ತಪ್ಪು ಮಾಡಿದವನಿಗೆ ರುಚಿ ನೋಡುವ ಹಕ್ಕಿಲ್ಲ.

ಅಂಗಡಿ ಮುಚ್ಚಿ ನಾನು ಮನೆಯಲ್ಲಿ ಕೂತದ್ದು ತೊಂಬತ್ತರ ದಶಕದ ನಡುವಿನಲ್ಲಿ. ಮನೆ ಚಾಮರಾಜಪೇಟೆಯಲ್ಲಿ, ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಆ ಮನೆಯವರು ಅನಸೂಯಾ ಟೀಚರ್. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ರಿಟೈರ್ ಆದವರು, ಮದುವೆಯಾಗಿರಲಿಲ್ಲ. ಇಡೀ ಬೀದಿ ಅವರನ್ನು ಟೀಚರಮ್ಮ ಎನ್ನುತ್ತಿತ್ತು. ತರಕಾರಿ ಗಾಡಿಯವನ ತಕ್ಕಡಿಯನ್ನು ಕೂಡ ಅವರು ಮೇಷ್ಟ್ರ ಕಣ್ಣಿನಿಂದಲೇ ನೋಡುತ್ತಿದ್ದರು. ಅವನು ಅವರಿಗೆ ಒಂದು ಬದನೆಕಾಯಿ ಜಾಸ್ತಿ ಹಾಕಿ ಕಳಿಸುತ್ತಿದ್ದ, ಭಯಕ್ಕೆ.

ಅವರ ಹಿತ್ತಿಲು ಮಾತ್ರ ನನ್ನ ಕಣ್ಣಿಗೆ ಮುಳ್ಳು. ನಮ್ಮ ಬಚ್ಚಲ ಕಿಟಕಿಯಿಂದ ಪೂರ್ತಿ ಕಾಣುತ್ತಿತ್ತು. ಆಳೆತ್ತರದ ಎಕ್ಕ, ಮೊಣಕಾಲುದ್ದ ಉತ್ತರಣೆ, ತುಂಬೆ, ಗೋಡೆಯ ಮೇಲೆಲ್ಲ ಹಬ್ಬಿದ ಈಶ್ವರಿ ಬಳ್ಳಿ, ಒಂದು ಲಕ್ಕಿ ಪೊದೆ, ತೂತುಬಿದ್ದ ಎಲೆಗಳ ಕರಿಬೇವು, ಅಡ್ಡಾದಿಡ್ಡಿ ಬೆಳೆದ ನಿಂಬೆ. ಒಂದಾದರೂ ಹೂಕುಂಡ ಬೇಡವೇ? ಗಿಡಗಳ ಪರಿಚಯ ನನಗಿರಲಿಲ್ಲ ಎಂದಲ್ಲ. ಚಿಕ್ಕಂದಿನಲ್ಲಿ ರಥಸಪ್ತಮಿಯ ದಿನ ನನ್ನ ಅಜ್ಜಿ ತಲೆಗೊಂದು, ಭುಜಕ್ಕೊಂದು ಎಕ್ಕದೆಲೆ ಇಟ್ಟು ತಣ್ಣೀರು ಸುರಿಯುತ್ತಿದ್ದಳು. ಶಿವರಾತ್ರಿಗೆ ಬಿಡಿಸಿ ತಂದ ತುಂಬೆಹೂವಿನಲ್ಲಿ ಅರ್ಧದ ಜೇನನ್ನು ನಾನು ದಾರಿಯಲ್ಲೇ ಹೀರಿ, ಖಾಲಿ ಹೂವನ್ನು ಶಿವನಿಗೆ ಕೊಡುತ್ತಿದ್ದೆ. ಗಣೇಶನ ಇಪ್ಪತ್ತೊಂದು ಪತ್ರೆಗಾಗಿ ಉತ್ತರಣೆ ಹುಡುಕಿ ಅಲೆದಿದ್ದೇನೆ. ಆದರೆ ಹಬ್ಬದ ಮಾರನೆಯ ದಿನ ಅವೆಲ್ಲ ನನ್ನ ಲೆಕ್ಕದಲ್ಲಿ ಕಸವಾಗಿಬಿಡುತ್ತಿದ್ದವು. ದೇವರನ್ನು ಬಿಟ್ಟು ಬೇರೆ ಯಾರಿಗಾದರೂ ಆ ಎಲೆ ಬೇಕಾಗಿರಬಹುದು ಎಂಬ ಯೋಚನೆ ಐವತ್ತು ಚಿಲ್ಲರೆ ವರ್ಷ ನನ್ನ ತಲೆಗೆ ಬಂದಿರಲಿಲ್ಲ.

ಒಂದು ದಸರಾದಲ್ಲಿ ಟೀಚರಮ್ಮ ತಮ್ಮ ಅಕ್ಕನ ಜೊತೆ ಕಾಶಿಗೆ ಹೊರಟರು. ಹದಿನೆಂಟು ದಿನ. ಹೊರಡುವ ಮುನ್ನ ಬೀಗದ ಕೈಯನ್ನೂ ದಪ್ಪ ರಟ್ಟಿನ ಒಂದು ನೋಟ್‌ಬುಕ್ಕನ್ನೂ ತಂದು ನನ್ನ ಕೈಗಿತ್ತರು.

"ಸೀತಾರಾಮಯ್ಯನೋರೆ, ದಿನಾ ಗಿಡಕ್ಕೆ ಒಂದೊಂದು ಚೊಂಬು ನೀರು. ಆಮೇಲೆ ಏಳರಿಂದ ಎಂಟರವರೆಗೆ ಆ ಕಲ್ಲಿನ ಮೇಲೆ ಕೂತ್ಕೊಂಡು ಏನೇನು ಬಂತು ಅಂತ ಇದ್ರಲ್ಲಿ ಬರೀಬೇಕು. ಚಿಟ್ಟೆ, ಹಕ್ಕಿ, ಅಳಿಲು, ಏನೇ ಬರ್ಲಿ. ಹದಿನೆಂಟು ವರ್ಷದಿಂದ ಒಂದು ದಿನಾನೂ ತಪ್ಸಿಲ್ಲ."

"ಆಗ್ಲಿ ಟೀಚರಮ್ಮ. ಸ್ವಲ್ಪ ಗುಡಿಸಿ ಗಿಡಿಸಿ…"

"ಏನೂ ಮಾಡ್ಬೇಡಿ. ನೀರು, ಬರಹ. ಅಷ್ಟೇ. ಆ ಮೂಲೆ ನೋಡಿ, ತರಗೆಲೆ ಇದ್ಯಲ್ಲ, ಅದನ್ನಂತೂ ಮುಟ್ಲೇಬೇಡಿ. ಅಲ್ಲಿಗೆ ಒಬ್ರು ಬರೋರಿದಾರೆ."

ನಾನು ನಾಗಪ್ಪನೇನೋ ಎಂದು ಎರಡು ಹೆಜ್ಜೆ ಹಿಂದೆ ಸರಿದೆ.

"ಹಾವಲ್ಲ ಕಣ್ರೀ, ಹಕ್ಕಿ. ಈ ದಿನಗಳಲ್ಲೇ ಉತ್ತರದಿಂದ ಇಳಿದು ಬರುತ್ತೆ. ನೆಲದ ಮೇಲೆ ತರಗೆಲೆ ಕೆದಕಿ ಹುಳ ತಿನ್ನೋದು. ನಾನು ಕೆಲ್ಸಕ್ಕೆ ಸೇರಿದ ವರ್ಷ ಸ್ಕೂಲಿನ ಹಿಂದೆ ಬಿದಿರು ಮೆಳೆಯಲ್ಲಿ ಒಂದೇ ಒಂದು ಸಲ ನೋಡಿದ್ದೆ. ಅದಕ್ಕೋಸ್ಕರಾನೇ ಆ ಮೂಲೆ ಬಿಟ್ಟಿರೋದು."

"ಯಾವ ಬಣ್ಣ?"

"ಇರೋ ಬಣ್ಣ ಎಲ್ಲಾ ಇದೆ" ಎಂದರು. ಅರವತ್ತೆರಡು ವರ್ಷದ ಮುಖದಲ್ಲಿ ಶಾಲೆಯ ಹುಡುಗಿಯೊಬ್ಬಳು ಒಂದು ಗಳಿಗೆ ಇಣುಕಿ ಹೋದಳು.

ಮೊದಲ ಐದಾರು ದಿನ ನಾನು ಸತ್ಯವಂತನಾಗಿದ್ದೆ. ಕೂತೆ, ನೋಡಿದೆ, ಬರೆದೆ. ಹೆಸರು ಗೊತ್ತಿಲ್ಲದ್ದಕ್ಕೆ ಅಂಗಡಿಯ ಭಾಷೆ ಬಳಸಿದೆ: "ಕನಕಾಂಬರ ಬಣ್ಣಕ್ಕೆ ಕಪ್ಪು ಅಂಚು, ಚಿಟ್ಟೆ, ನಾಲ್ಕು." "ಚಿಕ್ಕ ಹಕ್ಕಿ, ನೇರಳೆ ಮಿಂಚು, ಮೂತಿ ಕೊಕ್ಕೆ, ಒಂದು." ಆದರೆ ದಿನಾ ಒಂದು ಗಂಟೆ ಆ ಗೊಂದಲದ ನಡುವೆ ಕೂತು ಕೂತು ನನ್ನ ಕೈ ತುರಿಸತೊಡಗಿತು. ಪಾಪ, ಒಂಟಿ ಹೆಂಗಸು, ಆಳು ಸಿಗುವುದಿಲ್ಲ, ಸಂಕೋಚಕ್ಕೆ ಬೇಡ ಎಂದಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಆಯುಧ ಪೂಜೆಗೆ ಬೇರೆ ಎರಡೇ ದಿನ ಉಳಿದಿತ್ತು. ಮನೆ ಮನೆಯಲ್ಲೂ ತೊಳೆದು ಬಳಿದು ನಡೆದಿರುವಾಗ ಅದೊಂದು ಹಿತ್ತಿಲು ಏನು ಪಾಪ ಮಾಡಿತ್ತು?

ಎರಡು ದಿನ ದುಡಿದೆ. ಉತ್ತರಣೆ, ತುಂಬೆ ಬುಡಸಮೇತ. ಎಕ್ಕ ಮೂರು ಪೆಟ್ಟಿಗೆ ಉರುಳಿತು. ಈಶ್ವರಿ ಬಳ್ಳಿಯನ್ನು ಸೀರೆ ಎಳೆದ ಹಾಗೆ ಗೋಡೆಯಿಂದ ಎಳೆದೆ. ಲಕ್ಕಿಯನ್ನು ನೆಲಮಟ್ಟಕ್ಕೆ ಕತ್ತರಿಸಿದೆ, ನಿಂಬೆಗೆ ಕ್ಷೌರ ಮಾಡಿದೆ. ಕರಿಬೇವಿನ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಿತ್ತು. ಸೋಪಿನ ನೀರು ಹಾಕಿ ಹಳೆ ಬ್ರಷ್ಷಿನಿಂದ ಒಂದೊಂದೇ ಎಲೆ ತೊಳೆದೆ. ಒಂದು ಹಿಕ್ಕೆ ತಲೆಯೆತ್ತಿ, ಕೆಂಪು ಕೊಂಬು ಚಾಚಿ, ಎಲೆಯ ಹಿಂದಕ್ಕೆ ನಡೆದುಕೊಂಡು ಹೋಯಿತು. ಬಿಸಿಲಿನಲ್ಲಿ ಬಹಳ ಹೊತ್ತು ಕೆಲಸ ಮಾಡಿದರೆ ಹೀಗೆಲ್ಲ ಕಾಣುತ್ತದೆ ಎಂದು ಮಜ್ಜಿಗೆ ಕುಡಿದು ಬಂದು ಅದನ್ನೂ ತೊಳೆದೆ. ಕೊನೆಗೆ ಆ ಮೂಲೆ. ತರಗೆಲೆ ಒಟ್ಟುಮಾಡಿ ಬೆಂಕಿ ಇಟ್ಟೆ. ಹೊಸ ತರಗೆಲೆ ಬೀಳುತ್ತದಲ್ಲ, ಹಕ್ಕಿಗೆ ಫ್ರೆಶ್ಶಾಗಿಯೇ ಸಿಗಲಿ ಎಂಬ ಸಮಾಧಾನ. ನನ್ನ ಕೈಯಿಂದಲೇ ಉಡುಗೊರೆಯಾಗಿ ಆರು ಕುಂಡ ಕ್ರೋಟನ್ ತಂದು, ಕುಂಡಗಳಿಗೆ ಕೆಮ್ಮಣ್ಣು ಬಳಿದು, ಸಾಲಾಗಿ ನಿಲ್ಲಿಸಿದೆ. ಮಾರನೆಯ ದಿನ ಆ ಕುಡುಗೋಲಿಗೂ ಗುದ್ದಲಿಗೂ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳಕಾಯಿ ಒಡೆದು, ಕೈ ಮುಗಿದೆ. ಕೊಲೆಗೆ ಬಳಸಿದ ಆಯುಧಕ್ಕೆ ಪೂಜೆ ಮಾಡಿದ ಇನ್ನೊಬ್ಬ ಮೂರ್ಖ ಚಾಮರಾಜಪೇಟೆಯಲ್ಲಿ ಇರಲಾರ.

ವಿಜಯದಶಮಿಯ ಬೆಳಿಗ್ಗೆ ನೋಟ್‌ಬುಕ್ ಹಿಡಿದು ಕಲ್ಲಿನ ಮೇಲೆ ಕೂತೆ. ಏಳು ಗಂಟೆ ಆಯಿತು, ಏಳೂವರೆ ಆಯಿತು. ಒಂದು ಚಿಟ್ಟೆ ಗೋಡೆ ದಾಟಿ ಬಂದು, ಎಕ್ಕವಿದ್ದ ಜಾಗದ ಮೇಲೆ ಎರಡು ಸುತ್ತು ಹಾಕಿ, ಮನೆ ನಂಬರು ತಪ್ಪಿದವರ ಹಾಗೆ ವಾಪಸು ಹೋಯಿತು. ಆಮೇಲೆ ಯಾರೂ ಬರಲಿಲ್ಲ. ಕ್ರೋಟನ್ನುಗಳು ಥಳಥಳ ಹೊಳೆಯುತ್ತ ನನ್ನನ್ನೇ ನೋಡುತ್ತಿದ್ದವು.

ಬೇಸರಕ್ಕೆ ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ತಿರುವಿದೆ. ದುಂಡು ಅಕ್ಷರ, ಗೆರೆ ಎಳೆದ ಅಂಕಣ. ಯಾವ ಗಿಡ, ಅದನ್ನು ನಂಬಿಕೊಂಡವರು ಯಾರು. ಎಕ್ಕ: ಕಪ್ಪು ಹಳದಿ ಪಟ್ಟೆಯ ಹುಳು, ಮುಂದೆ ಕನಕಾಂಬರ ಬಣ್ಣದ ಚಿಟ್ಟೆ. ಈಶ್ವರಿ ಬಳ್ಳಿ: ಕೆಂಪು ಮೈಯ ಕರಿಚಿಟ್ಟೆ, ಬೇರೆ ಯಾವ ಎಲೆಯನ್ನೂ ಅದರ ಮರಿ ತಿನ್ನದು. ತುಂಬೆ: ಜೇನು, ಹೂವಿನ ರಸ ಹೀರುವ ಸೂರಕ್ಕಿ. ಕರಿಬೇವು: "ಹಕ್ಕಿಯ ಹಿಕ್ಕೆಯ ಹಾಗೆ ಕಾಣುವುದು ಹಿಕ್ಕೆಯಲ್ಲ, ಚಿಟ್ಟೆಯ ಮರಿ. ತೊಳೆಯಬಾರದು." ಆ ಕೊನೆಯ ಪದದ ಕೆಳಗೆ ಎರಡು ಗೆರೆ. ನನಗಿಂತ ಮೊದಲೂ ಯಾರೋ ಒಬ್ಬರು ತೊಳೆದಿದ್ದರೆಂದು ಕಾಣುತ್ತದೆ. ಅದೊಂದೇ ನನಗೆ ಸಿಕ್ಕ ಸಮಾಧಾನ.

ಒಳಗೆ ಬಂದು ಪದ್ಮಳಿಗೆ ಹೇಳಿದೆ. ಅವಳು ಹೋಳಿಗೆ ತಟ್ಟುತ್ತಿದ್ದಳು.

"ಏನೂ ಮಾಡ್ಬೇಡಿ ಅಂದಿದ್ರಲ್ರೀ ಅವ್ರು?"

"ಸಂಕೋಚಕ್ಕೆ ಅಂದ್ರು ಅನ್ಕೊಂಡೆ."

"ಅವ್ರು ಯಾವತ್ತು ಸಂಕೋಚ ಪಟ್ಟಿದಾರೆ? ಕಿತ್ತೋರು ನೀವು, ನೆಡೋರೂ ನೀವೇ. ಹೋಗಿ."

ಕಳೆ ಕೊಂಡುಕೊಳ್ಳಲು ಹೊರಟ ಮನುಷ್ಯನ ಪಾಡು ನಿಮಗೆ ಬೇಡ. ನರ್ಸರಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಕ್ಕದ ಗಿಡಾನಾ? ಅದನ್ನ ಕಿತ್ತಾಕೋಕೆ ನಾವು ಆಳಿಗೆ ಕೂಲಿ ಕೊಡ್ತೀವಿ ಸ್ವಾಮಿ. ಕ್ರೋಟನ್ ತಗೊಂಡೋಗಿ, ಚೆನ್ನಾಗಿದೆ" ಎಂದ. ಕಲಾಸಿಪಾಳ್ಯದ ಸೊಪ್ಪಿನವಳು, "ಉತ್ತರಣೆ ಬೇಕಿದ್ರೆ ಗಣೇಶನ್ ಹಬ್ಬಕ್ಕೆ ಬರ್ಬೇಕಿತ್ತು ಕಣಣ್ಣ. ಒಂದ್ ವರ್ಷ ಬಿಟ್ ಬಾ" ಎಂದಳು. ಕೊನೆಗೆ ಯಾರೂ ಗುಡಿಸದ, ಯಾರೂ ಕೀಳದ ಜಾಗ ಊರಲ್ಲಿ ಒಂದೇ ಎಂದು ಹೊಳೆದು ರುದ್ರಭೂಮಿಗೆ ಹೋದೆ. ಅಲ್ಲಿ ಎಕ್ಕ ತೋಪಿನಂತೆ ಬೆಳೆದಿತ್ತು. ಬೆಳಿಗ್ಗೆ ಎಂಟು ಗಂಟೆ, ಬಿಳಿ ಪಂಚೆ, ಕೈಯಲ್ಲಿ ಹಬ್ಬದ ಕುಂಕುಮ ಇನ್ನೂ ಮಾಸದ ಗುದ್ದಲಿ. ಒಂದು ಬಿಳಿ ಹೂವಿನ ಎಕ್ಕದ ಬುಡ ಬಿಡಿಸುತ್ತಿದ್ದಾಗ ಕಾವಲುಗಾರ ಮುನಿರಾಜು ಬಂದು ಬೆನ್ನ ಹಿಂದೆ ನಿಂತ.

"ಅಮಾಸೆ ಮುಗ್ದು ಹನ್ನೆರಡ್ ದಿನ ಆಯ್ತು ಸಾಮಿ. ಲೇಟಾಗ್ ಬಂದಿದೀರ."

"ಅಮಾವಾಸ್ಯೆಗೂ ನನಗೂ ಏನಪ್ಪ ಸಂಬಂಧ?"

"ಬಿಳಿ ಎಕ್ಕದ ಬೇರು, ಗುದ್ಲಿಗೆ ಕುಂಕ್ಮ. ನನ್ಗೇನ್ ಹೊಸ್ದಾ? ಯಾರ್ಗೆ ಇದು?"

"ನಮ್ಮ ಪಕ್ಕದ ಮನೆಯೋರಿಗೆ" ಎಂದೆ. ನಿಜವನ್ನೇ ಹೇಳಿದ್ದೆ. ಅವನ ಮುಖ ನೋಡಿದ ಮೇಲೆ ತಿಳಿಯಿತು, ಇಂಥ ಕಡೆ ಅರ್ಧ ನಿಜಕ್ಕಿಂತ ಪೂರ್ತಿ ಸುಳ್ಳು ಕ್ಷೇಮ.

"ಅಕ್ಕಪಕ್ಕದೋರು ಹೊಂದ್ಕೊಂಡ್ ಹೋಗ್ಬೇಕು ಸಾಮಿ. ಏನ್ ಮಾಡಿದ್ರು ಅವ್ರು ನಿಮ್ಗೆ?"

"ಅವರೇನೂ ಮಾಡಿಲ್ಲ. ನಾನೇ ಮಾಡಿದ್ದು. ಒಬ್ಬಂಟಿ ಹೆಂಗಸು, ರಿಟೈರ್ ಆದ ಟೀಚರ್ರು…"

"ಟೀಚರ್‌ಗಾ?" ಎಂದು ಅವನು ಗುದ್ದಲಿ ಕಿತ್ತುಕೊಂಡ.

ಅಲ್ಲೇ ಒಂದು ಗೋರಿಯ ಕಟ್ಟೆಯ ಮೇಲೆ ಕೂತು ಅವನಿಗೆ ಎಲ್ಲ ಹೇಳಬೇಕಾಯಿತು. ಚಿಟ್ಟೆ, ಹಿಕ್ಕೆ, ಕಾಶಿ, ಎಲ್ಲ. ಈ ಕಥೆಯನ್ನು ನಾನು ಪದ್ಮಳನ್ನು ಬಿಟ್ಟು ಇಡಿಯಾಗಿ ಒಪ್ಪಿಸಿದ ಮೊದಲ ಮನುಷ್ಯ ಅವನೇ. ಅವನು ಎಲ್ಲ ಕೇಳಿ, "ಇಷ್ಟ್ ಕಷ್ಟ ಪಡೋ ಬದ್ಲು ತಪ್ಪಾಯ್ತು ಅಂತ ಹೇಳ್ಬುಡಿ ಸಾಮಿ, ಸುಲ್ಭ" ಎಂದ. ಆಮೇಲೆ ತಾನೇ ನಾಲ್ಕು ಗಿಡ ಅಗೆದು ಗೋಣಿಯಲ್ಲಿ ಸುತ್ತಿಕೊಟ್ಟ. ಎಲೆಯ ಮೇಲಿದ್ದ ಎರಡು ಪಟ್ಟೆ ಹುಳುಗಳನ್ನು ನಾನು ಊಟದ ಡಬ್ಬಿಯಲ್ಲಿ ಹಾಕಿಕೊಂಡೆ. ಬಸ್ಸಿನಲ್ಲಿ ಕಂಡಕ್ಟರ್ ಗೋಣಿ ಮುಟ್ಟಿ ನೋಡಿ, ನಾನು ಎಲ್ಲಿಂದ ಹತ್ತಿದೆ ಎಂಬುದನ್ನು ನೆನೆಸಿಕೊಂಡು, ಲಗೇಜಿನ ಮಾತೇ ಎತ್ತದೆ ಹಿಂದಕ್ಕೆ ಹೋದ.

ಎಕ್ಕದ ಬೇರು ಪಾತಾಳಕ್ಕೆ ಇಳಿದಿರುತ್ತದೆ, ಅರ್ಧಕ್ಕೆ ಕತ್ತರಿಸಿ ತಂದರೆ ಬದುಕುವುದಿಲ್ಲ ಎಂದು ಆಗ ನನಗೆ ಗೊತ್ತಿರಲಿಲ್ಲ. ಮೂರನೆಯ ದಿನ ನಾಲ್ಕೂ ಗಿಡ ತಲೆ ಬಾಗಿಸಿದವು. ಹುಳುಗಳು ಎಲ್ಲಿಗೋ ನಡೆದುಹೋದವು. ಟೀಚರಮ್ಮ ಬರಲು ವಾರವೂ ಉಳಿದಿರಲಿಲ್ಲ. ನೋಟ್‌ಬುಕ್ಕಿನಲ್ಲಿ ದಶಮಿಯಿಂದ ಈಚೆಗೆ ಪುಟ ಬರಿದು.

ಆಗ ನಾನು ಪೆನ್ನು ತೆಗೆದೆ.

ಮೊದಲು ಹೆದರಿ ಹೆದರಿ ಬರೆದೆ: ಕನಕಾಂಬರ ಚಿಟ್ಟೆ, ಎರಡು. ಸುಳ್ಳಿಗೂ ಒಂದು ಕೈಪಳಗುವಿಕೆ ಇದೆ. ಮರುದಿನ ಐದಾಯಿತು, ಜೊತೆಗೆ ಸೂರಕ್ಕಿ ಜೋಡಿ, ಅಳಿಲು ಸಂಸಾರ ಸಮೇತ. ನಮ್ಮ ಅಂಗಡಿಯಲ್ಲಿ ಖಾಲಿಯಾದ ಮಾಲನ್ನು ಕೂಡ "ಇದೆ, ಗೋಡೌನಿನಲ್ಲಿದೆ" ಎಂದು ಹೇಳಿ ಅಭ್ಯಾಸವಿದ್ದ ನಾಲಗೆ ಈಗ ಪೆನ್ನಿಗೆ ಇಳಿದಿತ್ತು. ಅವರು ಬರುವ ಮುಂಚಿನ ದಿನ ನನಗೆ ಒಂದು ಧಾರಾಳ ಬುದ್ಧಿ ಬಂತು. ಪಾಪ, ಹಿತ್ತಿಲು ಹಾಳಾಗಿದೆ, ಅದಕ್ಕೆ ಬದಲಾಗಿ ಏನಾದರೂ ಕೊಡಬೇಡವೇ? ಹದಿನೆಂಟು ವರ್ಷದಿಂದ ಕಾದ ಆ ಹಕ್ಕಿಯನ್ನೇ ಕೊಟ್ಟುಬಿಡೋಣ. ಇರುವ ಬಣ್ಣ ಎಲ್ಲ ಇದೆ ಎಂದಿದ್ದರು, ಬಣ್ಣದಲ್ಲಿ ನನ್ನನ್ನು ಮೀರಿಸುವವರು ಯಾರು? ಬರೆದೆ: "ಮೂಲೆಯಲ್ಲಿ ಒಂದು ಹಕ್ಕಿ. ಬೆನ್ನು ಗಿಣಿಹಸಿರು, ಹೊಟ್ಟೆ ತಿಳಿ ಕೇಸರಿ, ಬಾಲದ ಕೆಳಗೆ ಕುಂಕುಮ, ರೆಕ್ಕೆಯಲ್ಲಿ ನವಿಲು ನೀಲಿ, ಕುತ್ತಿಗೆ ಬಿಳಿ, ಕಣ್ಣಿಗೆ ಕಪ್ಪು ಪಟ್ಟಿ. ನೆಲದ ಮೇಲೆ ಕುಪ್ಪಳಿಸುತ್ತಿತ್ತು." ಕೂರಿಸಲು ಕೊಂಬೆ ಉಳಿದಿರಲಿಲ್ಲ. ಬಾಲಕ್ಕೆ ಬಣ್ಣ ಬರೆಯುವಷ್ಟು ಸಾಲಿನಲ್ಲಿ ಜಾಗವಿರಲಿಲ್ಲವಾಗಿ "ಬಾಲ ಮೋಟು" ಎಂದು ಮುಗಿಸಿದೆ.

ಟೀಚರಮ್ಮ ಬಂದರು. ಗಂಗಾಜಲದ ತಾಮ್ರದ ಗಿಂಡಿ ನನ್ನ ಕೈಗಿಟ್ಟು, ಹಿತ್ತಿಲ ಬಾಗಿಲಲ್ಲಿ ನಿಂತರು.

"ಏನಾಯ್ತು?"

"ಹಸು ನುಗ್ಗಿಬಿಡ್ತು ಟೀಚರಮ್ಮ. ಬೀದಿ ಹಸು."

"ಹಸು ಎಕ್ಕ ತಿನ್ನುತ್ತಾ?"

"ಈಗಿನ ಹಸುಗಳು ಪ್ಲಾಸ್ಟಿಕ್ಕೇ ಬಿಡಲ್ಲ…"

"ಕುಂಡ ಇಟ್ಟಿದ್ದೂ ಹಸೂನಾ?"

"ಕುಂಡ ನಾನು. ಬೋಳು ಕಾಣುತ್ತೆ ಅಂತ."

ಅವರು ನೋಟ್‌ಬುಕ್ ತೆಗೆದುಕೊಂಡು ಕಲ್ಲಿನ ಮೇಲೆ ಕೂತು ಒಂದೊಂದೇ ಪುಟ ಓದಿದರು. ಕೊನೆಯ ಪುಟಕ್ಕೆ ಬಂದಾಗ ಅವರ ಬೆರಳು ಸಾಲಿನ ಮೇಲೆ ನಿಂತುಬಿಟ್ಟಿತು.

"ಬಂತಾ?" ಎಂದರು. ಪ್ರಶ್ನೆ ನನಗಲ್ಲ, ಆ ಪುಟಕ್ಕೆ. "ನವರಂಗ ಕಣ್ರೀ ಇದು, ಮೋಟು ಬಾಲವೂ ಅದ್ರದ್ದೇ. ಎಷ್ಟು ಹೊತ್ತಿತ್ತು?"

"ಐದು ನಿಮಿಷ."

"ಯಾವ ಕಡೆ ಹೋಯ್ತು?"

"ಬಳೇಪೇಟೆ ಕಡೆ."

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. "ಹದಿನೆಂಟು ವರ್ಷ ಇಲ್ಲೇ ಇದ್ದೆ. ಹದಿನೆಂಟು ದಿನ ಇರ್ಲಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋದರು. ಮುನಿರಾಜು ಹೇಳಿದ ಆ ಸುಲಭದ ಕೆಲಸವನ್ನು ಆಗಲೇ ಮಾಡಬೇಕಿತ್ತು. ನಾನು ಗಂಗಾಜಲದ ಗಿಂಡಿ ಹಿಡಿದು ಮನೆಗೆ ಬಂದೆ. ಅದನ್ನು ದೇವರ ಮುಂದೆ ಇಡಲು ಧೈರ್ಯವಾಗದೆ ಕಿಟಕಿಯಲ್ಲಿಟ್ಟೆ.

ಆ ಭಾನುವಾರ ಅವರ ಹಳೆಯ ಸಹೋದ್ಯೋಗಿಯ ಮಗ ನಾಗೇಶ ಎಂಬವನು, ಬ್ಯಾಂಕಿನವನು, ಹಕ್ಕಿಯ ಸುದ್ದಿ ಕೇಳಿ ಬೈನಾಕ್ಯುಲರ್ ಹಾಕಿಕೊಂಡ ಏಳು ಜನರನ್ನು ಕರೆದುಕೊಂಡು ಬಂದ. ನನ್ನನ್ನು ನಡುವೆ ಕೂರಿಸಿಕೊಂಡು ವಿಚಾರಣೆ.

"ಸರ್, ಕೂಗು ಕೇಳಿದ್ರಾ?"

ಕೇಳಿದೆ ಎಂದುಬಿಟ್ಟೆ. ಕೂಗಿ ತೋರಿಸಿ ಎಂದರು. ನಾನು ಬಾಯಿಗೆ ಬಂದ ಹಾಗೆ ಕೂಗಿದೆ. ನಮ್ಮ ಮನೆಯ ಕುಕ್ಕರಿಗೆ ಗ್ಯಾಸ್ಕೆಟ್ ಹೋದಾಗ ಬರುವ ಸದ್ದಿಗೂ ಅದಕ್ಕೂ ಹತ್ತಿರದ ಹೋಲಿಕೆ ಇತ್ತು. ಎಲ್ಲರೂ ಮುಖ ಮುಖ ನೋಡಿಕೊಂಡರು. ನಾಗೇಶ ಗಂಭೀರವಾಗಿ, "ಮರಿ ಇರ್ಬೇಕು. ಸ್ವರ ಇನ್ನೂ ಕೂತಿಲ್ಲ" ಎಂದ. ಉಳಿದವರು ಅದನ್ನೂ ಬರೆದುಕೊಂಡರು. ಗೋಡೆಯಾಚೆ ಪದ್ಮ ಪಾತ್ರೆಯೊಂದನ್ನು ಬೇಕೆಂದೇ ಕುಕ್ಕಿದಳು.

ಹಿತ್ತಿಲು ಮಾತ್ರ ನನ್ನನ್ನು ಬೇಗ ಕ್ಷಮಿಸಿತು. ನಾನು ನೆಟ್ಟಿದ್ದೆಲ್ಲ ಸತ್ತಿತು, ನಾನು ಕೊಂದದ್ದೆಲ್ಲ ಬದುಕಿತು. ಮುಂದಿನ ಮಳೆಗೆ ಉತ್ತರಣೆ, ತುಂಬೆ ತಾವಾಗಿ ಎದ್ದವು. ಲಕ್ಕಿ ಬುಡದಿಂದ ಚಿಗುರಿತು. ಈಶ್ವರಿ ಬಳ್ಳಿಯ ಬೇರು ನನ್ನ ಕೈಗೆ ಸಿಕ್ಕಿರಲೇ ಇಲ್ಲ. ಎರಡು ವರ್ಷದಲ್ಲಿ ಎಕ್ಕ ಮತ್ತೆ ಆಳೆತ್ತರ. ನಾನು ಸಹಾಯ ಮಾಡುವುದನ್ನು ನಿಲ್ಲಿಸಿದ್ದೇ ಅದಕ್ಕೆ ಸಾಕಾಯಿತು.

ಆದರೆ ಟೀಚರಮ್ಮ ಊರು ಬಿಡುವುದನ್ನೇ ನಿಲ್ಲಿಸಿದರು. ದಸರೆ ಹತ್ತಿರ ಬಂತೆಂದರೆ ಬೆಳಕು ಹರಿಯುವ ಮುಂಚೆ ಕಲ್ಲಿನ ಮೇಲೆ. ಅಕ್ಕನ ಮೊಮ್ಮಗಳ ಮದುವೆಗೆ ಹೋಗಲಿಲ್ಲ. ಅಕ್ಕ ರಾಮೇಶ್ವರಕ್ಕೆ ಕರೆದರೆ, "ಕಾಶಿಗೆ ಹೋಗಿ ಅನುಭವಿಸಿದ್ದು ಸಾಕು" ಎಂದರು. ಹೀಗೆ ಏಳು ದಸರೆ. ನಾನು ಬಚ್ಚಲ ಕಿಟಕಿಯನ್ನು ಮುಚ್ಚಿಯೇ ಸ್ನಾನ ಮಾಡುತ್ತಿದ್ದೆ.

ಏಳನೆಯ ವರ್ಷ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಡಾಕ್ಟರು ಕೊಟ್ಟ ತಾರೀಖು ದಸರೆಗೆ ಬಿತ್ತು. ಒಲ್ಲೆ ಎಂದರು. ಹಿಂದಿನ ವರ್ಷವೂ ಹೀಗೆಯೇ ಒಲ್ಲೆ ಎಂದು ಮುಂದೂಡಿದ್ದರಂತೆ. ಪದ್ಮ ಕೇಳಿದಳು, "ಯಾಕೆ ಟೀಚರಮ್ಮ? ಇನ್ನೂ ತಡ ಮಾಡಿದ್ರೆ ಕಷ್ಟ ಅಂದಿದಾರಂತಲ್ಲ."

"ಕಣ್ಣಿಗೆ ಪಟ್ಟಿ ಕಟ್ಕೊಂಡು ಕೂತಿರೋವಾಗ ಅದು ಬಂದ್ಬಿಟ್ರೆ? ಇನ್ನೊಂದು ಸಲ ತಪ್ಪಿಸ್ಕೊಳ್ಳೋಕೆ ನನ್ನಿಂದ ಆಗಲ್ಲಮ್ಮ."

ಎದುರಿಗೆ ನಿಂತ ನನ್ನನ್ನು ಅವರು ಆ ಹೊತ್ತಿನಲ್ಲಿ ನಾಗೇಶನೆಂದು ಮಾತಾಡಿಸುತ್ತಿದ್ದರು. ಹಕ್ಕಿ ಬಂದಿದ್ದರೂ ಅವರಿಗೆ ಕಾಣುತ್ತಿರಲಿಲ್ಲ. ಮನೆಗೆ ಬಂದು ಪದ್ಮ ಬಾಗಿಲು ಹಾಕಿದಳು.

"ನೀವು ಹೇಳ್ತೀರೋ, ನಾನು ಹೇಳ್ಲೋ?"

ಹೋದೆ. ಸಂಜೆ ನಾಲ್ಕರ ಬಿಸಿಲು. ಅವರು ನೋಟ್‌ಬುಕ್ಕನ್ನು ಮೂಗಿಗೆ ತಾಗಿಸಿಕೊಂಡು ಏನೋ ಬರೆಯುತ್ತಿದ್ದರು. ನಾನು ನಿಂತೇ ಹೇಳಿದೆ. ಸ್ಕೂಲಿನಲ್ಲಿ ನಿಲ್ಲುತ್ತಿದ್ದ ಹಾಗೆಯೇ ಕೈ ಕಟ್ಟಿಕೊಂಡಿದ್ದೆ.

"ಹಸು?" ಎಂದರು.

"ಇರ್ಲಿಲ್ಲ."

"ಕರಿಬೇವಿನ ಹುಳ?"

"ತೊಳೆದೆ. ಸೋಪಿನ ನೀರಲ್ಲಿ."

"ಮೂಲೆ ತರಗೆಲೆ?"

"ಸುಟ್ಟೆ."

"ನವರಂಗ?"

"ನಾನು ಬರೆದಿದ್ದು."

ಬೈಗುಳಕ್ಕೆ ತಯಾರಾಗಿ ತಲೆ ಬಗ್ಗಿಸಿದೆ. ಅವರು ನೋಟ್‌ಬುಕ್ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು, "ಹಾಗಾದ್ರೆ ಅದು ಬಂದೇ ಇಲ್ಲ" ಎಂದರು.

"ಇಲ್ಲ."

"ನಾನು ಏನೂ ಕಳ್ಕೊಂಡಿಲ್ಲ."

"ಇಲ್ಲ ಟೀಚರಮ್ಮ."

"ಏಳು ವರ್ಷ ಕಣ್ರೀ. ಏಳು ವರ್ಷ ನಾನು ಆ ವಿಶ್ವನಾಥನ್ನ ಬೈಕೊಂಡಿದೀನಿ. ನಿನ್ನ ನೋಡೋಕೆ ಬಂದು ಅದನ್ನ ಕಳ್ಕೊಂಡೆ ಅಂತ. ದೇವರ ಹತ್ರ ನಾನು ಕ್ಷಮೆ ಕೇಳ್ಬೇಕೀಗ, ನಿಮ್ಮಿಂದ." ಹಾಗೆನ್ನುತ್ತ ಅವರು ನಗತೊಡಗಿದರು. ನಕ್ಕು ನಕ್ಕು ಪೊರೆಬಂದ ಕಣ್ಣಲ್ಲಿ ನೀರು ಬಂತು. ಆಮೇಲೆ ನಗು ನಿಂತು ಮುಖ ಗಂಟಿಕ್ಕಿತು. ನಾನು ಕಾಯುತ್ತಿದ್ದದ್ದು ಆ ಮುಖವನ್ನೇ.

"ಕೆಂಪು ಪೆನ್ನು ತನ್ನಿ."

ದಶಮಿಯಿಂದ ಆ ಕೊನೆಯ ಪುಟದವರೆಗೆ ನನ್ನ ಪ್ರತಿ ಸಾಲನ್ನೂ ನನ್ನ ಕೈಯಿಂದಲೇ ಹೊಡೆದು ಹಾಕಿಸಿದರು. ಪ್ರತಿ ಪುಟಕ್ಕೂ "ಇದು ಸುಳ್ಳು" ಎಂದು ಬರೆಸಿ ಸಹಿ ಹಾಕಿಸಿದರು. ನಾಗೇಶನಿಗೆ ಫೋನ್ ಮಾಡಿ ನನ್ನ ಬಾಯಿಂದಲೇ ಹೇಳಿಸಿದರು. ಅವನು ಕೇಳಿದ್ದು ಒಂದೇ: "ಸರ್, ಹಾಗಾದ್ರೆ ಆ ಕೂಗು?" ಕುಕ್ಕರು ಎಂದೆ.

ಆಪರೇಷನ್ ಆ ದಸರೆಯಲ್ಲೇ ನಡೆಯಿತು. ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಒಳಗೆ ಮಲಗಿದವರು ನನ್ನನ್ನು ಕರೆಸಿ, "ವಾರ ಪೂರ್ತಿ ನೀವೇ ಕೂರ್ಬೇಕು. ಬಂದಿದ್ದು ಬರೀರಿ. ಬರದೇ ಇದ್ರೆ ಬರ್ಲಿಲ್ಲ ಅಂತ ಬರೀರಿ. ಅಷ್ಟೇ" ಎಂದರು. ನನ್ನ ಕೈಗೆ ಆ ನೋಟ್‌ಬುಕ್ಕನ್ನು ಮತ್ತೊಮ್ಮೆ ಕೊಡುವ ಮನಸ್ಸು ಅವರಿಗೆ ಹೇಗೆ ಬಂತೋ ಇಂದಿಗೂ ನನಗೆ ತಿಳಿಯದು.

ಏಳು ದಿನ ಕೂತೆ. ಪಟ್ಟಿ ಬಿಚ್ಚಿದ ಬೆಳಿಗ್ಗೆ ಹೊಸ ಕಣ್ಣಿನಿಂದ ಅವರು ಮೊದಲು ಓದಿದ್ದು ನನ್ನ ಪುಟಗಳನ್ನು. ಏಳೂ ದಿನದ್ದನ್ನು ಬೆರಳಿಟ್ಟು ಓದಿ, ಕೊನೆಯ ದಿನಕ್ಕೆ ಬಂದು ಹುಬ್ಬು ಗಂಟಿಕ್ಕಿದರು. ಅಲ್ಲಿ ನಾನು ಹೀಗೆ ಬರೆದಿದ್ದೆ: "ಇಂದು ಮೋಡ. ಏನೂ ಬರಲಿಲ್ಲ. ಕಾಗೆ ಒಂದು."

"ಇದೇನ್ರೀ ಇದು?"

"ನಿಜಾನೇ ಟೀಚರಮ್ಮ. ಪದ್ಮ ಸಾಕ್ಷಿ. ಏನೂ ಬರ್ಲಿಲ್ಲ."

"ಕಾಗೆ ಬಂತು ಅಂತ ನೀವೇ ಬರ್ದಿದೀರಲ್ಲ."

"ಕಾಗೆ ಬಂತು."

"ಮತ್ತೆ ಏನೂ ಬರ್ಲಿಲ್ಲ ಅನ್ನೋದು ಸುಳ್ಳಲ್ವಾ?" ಎಂದು ಕೆಂಪು ಪೆನ್ನು ನನ್ನ ಕಡೆಗೆ ಚಾಚಿದರು.